ಸಂದಿಯ ಕಡೆಯ ಕಿಟಕಿ

ನಾನು ಹುಡುಗಿಯಾಗಿದ್ದಾಗ ಹಲಸೂರಿನ ನಮ್ಮ ಮನೆಯಲ್ಲಿ ಫ್ಯಾನ್ ಇರಲಿಲ್ಲ. ತರಲು ಆಗದೆ ಅಲ್ಲ, ಬೇಕೆನಿಸಿರಲಿಲ್ಲ. ಮದರಾಸಿನಿಂದ ಬಂದ ನೆಂಟರು ಸೂರು ನೋಡಿ ಫ್ಯಾನ್ ಎಲ್ಲಿ ಎಂದು ಕೇಳಿದರೆ ಅಮ್ಮನಿಗೆ ಎರಡು ಕೊಂಬು ಬರುತ್ತಿತ್ತು. “ಬೆಂಗಳೂರಲ್ಲಿ ಫ್ಯಾನ್ ಯಾಕ್ರೀ? ಇರಿ, ಕಿಟಕಿ ತೆಗೀತೀನಿ,” ಎಂದು ಹಿಂದಿನ ಕೋಣೆಯ ಕಿಟಕಿ ತೆರೆದು, ಬರುವ ಗಾಳಿಯನ್ನು ತಾನೇ ಕೈಯಾರೆ ಮಾಡಿದವಳ ಹಾಗೆ ನಿಲ್ಲುತ್ತಿದ್ದಳು. ಈಗ ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಬೇಡಿ. ಅದು ಗೊತ್ತಿದ್ದರೆ ಅರ್ಧ ಸಿಟ್ಟು ಇಳಿದಿರುತ್ತಿತ್ತು.

ಆ ಕಿಟಕಿ ಒಂದು ಸಂದಿಗೆ ತೆರೆದುಕೊಳ್ಳುತ್ತದೆ. ಸಂದಿಯ ಆಚೆ ಇನ್ನೊಂದು ಮನೆಯ ಬೆನ್ನು, ಅದರಲ್ಲೊಂದು ಕಿಟಕಿ. ಈ ಕಡೆಯಿಂದ ಒಬ್ಬರು, ಆ ಕಡೆಯಿಂದ ಒಬ್ಬರು ಕೈಚಾಚಿದರೆ ಕೈಗೆ ಕೈ ಸಿಗುತ್ತದೆ. ಆ ಮನೆಯ ಹೆಂಗಸು ಮದುವೆಯಾಗಿ ಶಿವಾಜಿನಗರದಿಂದ ಬಂದವರು. ಅಮ್ಮ ಅವರನ್ನು ಆಪಾ ಎನ್ನುತ್ತಾಳೆ, ಅವರು ಅಮ್ಮನನ್ನು ಅಕ್ಕ ಎನ್ನುತ್ತಾರೆ. ಎರಡಕ್ಕೂ ಅರ್ಥ ಒಂದೇ. ತಾನು ದೊಡ್ಡವಳು ಎಂದು ಇಬ್ಬರಲ್ಲಿ ಯಾರೂ ಇವತ್ತಿನವರೆಗೆ ಒಪ್ಪಿಲ್ಲ. ನನಗೂ ನನ್ನ ತಮ್ಮನಿಗೂ ಅವರು ಖಾಲಾ, ಅಂದರೆ ಚಿಕ್ಕಮ್ಮ.

ಆ ಎರಡು ಕಿಟಕಿಗಳ ನಡುವೆ ಒಂದು ಸ್ಟೀಲ್ ಡಬ್ಬಿ ಓಡಾಡುತ್ತಿತ್ತು. ಮೊದಲು ಅದು ಯಾರ ಮನೆಯದಾಗಿತ್ತೋ ಯಾರಿಗೂ ನೆನಪಿಲ್ಲ. ನಮ್ಮ ಕಡೆಯಿಂದ ಒಬ್ಬಟ್ಟು ಹೋದರೆ ಆ ಕಡೆಯಿಂದ ಈದ್ ಹಬ್ಬದ ಶಾವಿಗೆ ಪಾಯಸ, ಶೀರ್‌ಕುರ್ಮಾ, ಬರುತ್ತಿತ್ತು. ಹಬ್ಬವಿಲ್ಲದ ದಿನ ಹುರಿಗಡಲೆ ಚಟ್ನಿಯಾದರೂ ಆಗುತ್ತಿತ್ತು. ಖಾಲಿ ಡಬ್ಬಿ ಮಾತ್ರ ಸಂದಿ ದಾಟಬಾರದು. ಮನೆಯಲ್ಲಿ ಏನೂ ಇಲ್ಲದ ದಿನ ಅಮ್ಮ ಅದಕ್ಕೆ ಎರಡು ಚಮಚ ಸಕ್ಕರೆ ಹಾಕಿ ಕೊಡುತ್ತಿದ್ದಳು. ಖಾಲಾ ಕೂಡ ಹಾಗೇ. ರಂಜಾನ್ ತಿಂಗಳಲ್ಲಿ ಸಂಜೆಯಾದರೆ ನನ್ನ ತಮ್ಮ ಆ ಕಿಟಕಿಯ ಕೆಳಗೆ ಸ್ಟೂಲ್ ಹಾಕಿಕೊಂಡು ಕಾದು ಕೂರುತ್ತಿದ್ದ. ಸಮೋಸ ಅವನ ಕೈಗೆ ಬಂದ ಮೇಲೆ ಉಳಿದವರಿಗೆ ಉಳಿಯುತ್ತಿರಲಿಲ್ಲ.

ಆ ತಮ್ಮನೇ ಈಗ ಎ.ಸಿ. ಕೆಲಸದವನು. ಶಿವಾಜಿನಗರದ ಒಂದು ಗಲ್ಲಿಯಲ್ಲಿ ಫ್ರಿಜ್ ರಿಪೇರಿ ಅಂಗಡಿ ಇಟ್ಟವನು ವರ್ಷದಲ್ಲಿ ಅರ್ಧ ಕಾಲ ನೊಣ ಹೊಡೆಯುತ್ತಾ ಕೂತಿರುತ್ತಿದ್ದ. ಬೆಂಗಳೂರಿನ ಚಳಿಯಲ್ಲಿ ಫ್ರಿಜ್ ಕೆಟ್ಟರೂ ಜನ ನಿಧಾನವಾಗಿ ತಂದುಕೊಡುತ್ತಿದ್ದರು. ಆಮೇಲೆ ಊರು ಬಿಸಿಲಿಗೆ ಕಾಯತೊಡಗಿತು. ಫೆಬ್ರವರಿಯಿಂದಲೇ ಫೋನು ಬಡಿದುಕೊಳ್ಳತೊಡಗಿತು. ಇಂದಿರಾನಗರದ ಬಂಗಲೆಗಳು, ಪುಲಿಕೇಶಿನಗರದ ಹಳೇ ಮನೆಗಳು, ಲಿಂಗರಾಜಪುರದ ಫ್ಲಾಟುಗಳು ಎಲ್ಲ ಕಡೆಯೂ ಎ.ಸಿ. ಕೂರಿಸಲು ಅವನು ಏಣಿ ಹತ್ತಿದ. ಕೆ.ಆರ್. ಪುರದಲ್ಲಿ ಸೈಟು ಕೊಂಡು ಮನೆ ಕಟ್ಟಿದ. ಗೃಹಪ್ರವೇಶದ ದಿನ ಅಮ್ಮ ಹೊಸ ಗೋಡೆ ಸವರಿ, “ಎಲ್ಲ ಆ ಸೂರ್ಯನಾರಾಯಣನ ದಯೆ ಕಣೋ,” ಎಂದಳು. ಅವಳು ಕೈಮುಗಿದು ಹೇಳಿದ್ದು. ನನಗೆ ಮಾತ್ರ ನಗು ತಡೆಯಲಾಗಲಿಲ್ಲ.

ಆದ್ದರಿಂದ ಬಿಸಿಯಾದದ್ದರಲ್ಲಿ ಲಾಭವೇ ಇಲ್ಲ ಎಂದು ನಾನು ಹೇಳುವಂತಿಲ್ಲ. ಮೊದಲೆಲ್ಲ ಡಿಸೆಂಬರಿನಲ್ಲಿ ದೋಸೆ ಹಿಟ್ಟು ಉಬ್ಬಬೇಕಾದರೆ ಅಮ್ಮ ಪಾತ್ರೆಗೆ ಕಂಬಳಿ ಸುತ್ತಿ ಮಗುವಿನ ಹಾಗೆ ಒಲೆಯ ಪಕ್ಕ ಮಲಗಿಸುತ್ತಿದ್ದಳು. ಈಗ ಹಾಗೇ ಬಿಟ್ಟರೂ ಉಕ್ಕಿ ಕಟ್ಟೆಯ ಮೇಲೆಲ್ಲ ಚೆಲ್ಲುತ್ತದೆ. ಚಳಿಗಾಲದಲ್ಲಿ ಅವಳ ಮಂಡಿ ಹಿಡಿದುಕೊಳ್ಳುವುದು ಕಡಿಮೆಯಾಗಿದೆ. ನಾನು ಲೆಕ್ಕ ಬರೆಯುವ ದೊಮ್ಮಲೂರಿನ ಆಫೀಸಿನಲ್ಲಿ ಊಟದ ಹೊತ್ತಿಗೆ ಇದೇ ಮಾತು. ಎ.ಸಿ. ಚಳಿಗೆ ಎಲ್ಲರೂ ಸ್ವೆಟರ್ ಹಾಕಿಕೊಂಡು ಸೆಕೆಯ ಬಗ್ಗೆ ಚರ್ಚೆ ಮಾಡುತ್ತಾರೆ. ರಾಯಚೂರಿನ ಕಡೆಯವರೊಬ್ಬರು, “ಇದೊಂದು ಬಿಸಲೇನ್ರೀ ಮೇಡಂ? ನಮ್ಮ ಕಡೆ ಒಮ್ಮಿ ಬಂದು ನೋಡ್ರಿ,” ಎಂದು ನಗುತ್ತಾರೆ. ಇನ್ನೊಬ್ಬ ಹುಡುಗ ಎಲ್ಲೋ ಓದಿಕೊಂಡು ಬಂದು, ಚಳಿ ದೇಶಗಳಲ್ಲಿ ಇನ್ನು ಮೇಲೆ ಗೋಧಿ ಚೆನ್ನಾಗಿ ಬೆಳೆಯಬಹುದು, ಹಿಮ ಕರಗಿದರೆ ಹಡಗುಗಳಿಗೆ ಹತ್ತಿರದ ದಾರಿ ಸಿಗುತ್ತದೆ ಎಂದು ವಿವರಿಸಿದ. ಯಾರದೋ ಹಡಗು ಎಲ್ಲಿಗೋ ಬೇಗ ತಲುಪುತ್ತದಂತೆ. ನನ್ನ ತಾಯಿ ಮನೆಯಲ್ಲಿ ಒದ್ದೆ ಟವೆಲ್ಲು ತಲೆಗೆ ಹಾಕಿಕೊಂಡು ಕೂತಿದ್ದಾಳೆ ಎಂದು ಅವನಿಗೆ ಹೇಳಬೇಕೆನಿಸಿತು. ಮೊಸರನ್ನ ಮುಗಿಸಿ ಎದ್ದೆ.

ಒದ್ದೆ ಟವೆಲ್ಲಿಗೆ ಕಾರಣ ಎದುರು ಮನೆ. ಅಲ್ಲಿದ್ದ ಹೆಂಚಿನ ಮನೆ ಕೆಡವಿ, ಆಫೀಸಿಗೆ ಹೋಗುವ ಹುಡುಗರಿಗೆಂದು ಐದಂತಸ್ತಿನ ಪಿ.ಜಿ. ಕಟ್ಟಿದರು. ರೂಮಿಗೊಂದು ಎ.ಸಿ. ಅದರ ಹೊರಗಿನ ಪೆಟ್ಟಿಗೆಗಳು, ಬಿಸಿಗಾಳಿ ಉಗುಳುವವು, ಸಾಲಾಗಿ ನಮ್ಮ ಮುಂದಿನ ಕಿಟಕಿಯ ಕಡೆಗೇ ಮುಖ ಮಾಡಿದವು. ನಮ್ಮ ಬೀದಿ ಅಗಲವೆಂದರೆ ಒಂದು ಆಟೋ ಹೋದರೆ ಇನ್ನೊಂದು ಕಾಯಬೇಕು. ಆ ಪೆಟ್ಟಿಗೆಗಳನ್ನೆಲ್ಲ ಕೂರಿಸಿದವನು ನನ್ನ ತಮ್ಮ. ಅವನಿಗೆ ಸಿಕ್ಕ ಅತಿ ದೊಡ್ಡ ಕೆಲಸ ಅದು.

ಅಮ್ಮ ಮುಂದಿನ ಕಿಟಕಿ ಮುಚ್ಚಿದಳು. ದಿನವಿಡೀ ಅಲ್ಲೇ ಕೂತು ಅಕ್ಕಿ ಆರಿಸುತ್ತಾ ಬೀದಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಮಾತಾಡಿಸುತ್ತಿದ್ದವಳು ಹಿಂದಿನ ಕೋಣೆಗೆ ಸರಿದಳು. ತಮ್ಮನಿಗೆ ಹೇಳೋಣ ಎಂದು ನಾನು ಹಾರಾಡಿದೆ.

“ಸುಮ್ನಿರೇ. ಪಿ.ಜಿ.ಯವ್ರು ಬೇರೆಯವರ್ನ ಕರೆಸಿದ್ರೆ? ಅವನ ಹೊಟ್ಟೆಪಾಡು ಅದು.”

“ನಿನ್ನ ಗತಿ ಏನು?”

“ನಂಗೇನಾಗಿದೆ? ಹಿಂದ್ಗಡೆ ಕಿಟಕಿ ಇದೆಯಲ್ಲ. ಆಪಾ ಇದಾರೆ, ಗಾಳಿ ಇದೆ.”

ಮಗ ಅನ್ನ ತಿನ್ನಲಿ ಎಂದು ಮಗ ಕಳಿಸುವ ಬಿಸಿಗಾಳಿಯನ್ನು ನುಂಗಿಕೊಂಡಿದ್ದಳು. ಅವನು ಬಂದಾಗಲೆಲ್ಲ ಒದ್ದೆ ಟವೆಲ್ಲನ್ನು ಬಚ್ಚಿಟ್ಟು, ಈ ವರ್ಷ ಅಷ್ಟೇನೂ ಸೆಕೆ ಇಲ್ಲ ಎನ್ನುತ್ತಿದ್ದಳು. ಅವನು ಅದನ್ನು ನಂಬುತ್ತಿದ್ದ. ನಂಬುವುದು ಅವನಿಗೂ ಅನುಕೂಲವಾಗಿತ್ತು.

ಈ ಏಪ್ರಿಲ್‌ನಲ್ಲಿ ನಾನು ಆಫೀಸಿನಿಂದ ಬಂದಾಗ ಅಮ್ಮ ಹಿಂದಿನ ಕೋಣೆಯಲ್ಲಿ ಬಿದ್ದಿದ್ದಳು. ಕಿಟಕಿಯಿಂದ ನೋಡಿದ ಖಾಲಾ ಆ ವಯಸ್ಸಿನಲ್ಲಿ ಬೀದಿ ಸುತ್ತಿ ಓಡಿಬಂದು, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಗಾಳಿ ಹಾಕುತ್ತಿದ್ದರು. ಬಿಸಿಲಿನ ಬೇಗೆಗೆ ಮೈಯ ನೀರು ಬತ್ತಿದೆ ಎಂದ ಡಾಕ್ಟರು ಆಸ್ಪತ್ರೆಗೆ ಸೇರಿಸಿಕೊಂಡು ಡ್ರಿಪ್ ಹಾಕಿದರು. ಇನ್ನೊಮ್ಮೆ ಹೀಗಾದರೆ ಹೃದಯಕ್ಕೆ ಕಷ್ಟ, ತಂಪಾದ ಕಡೆ ಇರಿಸಿ ಎಂದು ನನಗೂ ತಮ್ಮನಿಗೂ ಹೇಳಿದರು. ತಮ್ಮ ಗೋಡೆಗೆ ತಿರುಗಿ ಅತ್ತ. ಅವನ ಅಳುವಿನಲ್ಲಿ ಸುಳ್ಳಿರಲಿಲ್ಲ.

ನಾವು ಮನೆಗೆ ಬರುವಷ್ಟರಲ್ಲಿ ತಮ್ಮ ಹಿಂದಿನ ಕೋಣೆಯಲ್ಲಿ ಎ.ಸಿ. ಕೂರಿಸಿದ್ದ. ಅಮ್ಮ ಹಾಸಿಗೆಯ ಮೇಲೆ ಒರಗಿ, ತಂಪು ಮುಖಕ್ಕೆ ಬಡಿಯುತ್ತಿದ್ದಂತೆ ಕಣ್ಣು ಮುಚ್ಚಿದಳು. ಆಮೇಲೆ ಅವನನ್ನು ಕೇಳಿದಳು, “ಬಿಸಿಗಾಳಿ ಎಲ್ಲಿಗೋ ಹೋಗುತ್ತೆ?”

“ಹೊರಗಡೆಗೆ ಅಮ್ಮ. ನೀನು ಮಲಕ್ಕೋ.”

ನಮ್ಮ ಬೀದಿಯಲ್ಲಿ ಹೊರಗಡೆ ಎಂದರೆ ಇನ್ನೊಬ್ಬರ ಮನೆಯ ಒಳಗಡೆ. ನಾನು ಹಿತ್ತಲ ಬಾಗಿಲು ತೆಗೆದು ನೋಡಿದೆ. ಪೆಟ್ಟಿಗೆ ಸಂದಿಯ ಗೋಡೆಯ ಮೇಲಿತ್ತು, ಖಾಲಾ ಅವರ ಕಿಟಕಿಗೆ ಮುಖಾಮುಖಿ.

ತಮ್ಮನನ್ನು ಬೀದಿಗೆ ಕರೆದುಕೊಂಡು ಹೋಗಿ ಬೈದೆ. ಅವನ ಹತ್ತಿರ ಉತ್ತರ ಸಿದ್ಧವಾಗಿತ್ತು. “ಎಲ್ಲಿ ಹಾಕ್ಲಿ ಅಕ್ಕ? ಮುಂದುಗಡೆ ಹಾಕಿದ್ರೆ ಪಿ.ಜಿ. ಬಿಸಿಗೆ ಮಿಷಿನ್ ಎಳೆಯಲ್ಲ. ಟೆರೇಸ್ ಚಿಕ್ಕಪ್ಪನ ಮಕ್ಕಳ ಪಾಲು, ಅವ್ರು ಬಿಡಲ್ಲ. ಎರಡೂ ಪಕ್ಕ ಗೋಡೆಗೆ ಗೋಡೆ ಅಂಟಿದೆ. ಎಲ್ಲಾ ಕಡೆ ನಾವು ಮಾಡೋದೇ ಇದು. ಯಾರೂ ಬಳಸ್ದೇ ಇರೋ ಗೋಡೆ ನೋಡಿ ಕೂರಿಸ್ತೀವಿ.”

“ಯಾರೂ ಬಳಸ್ದೇ ಇರೋ ಗೋಡೆನಾ? ಸಮೋಸ ಎಲ್ಲಿಂದ ಬರ್ತಿತ್ತೋ?”

ಅವನ ಮುಖ ಕೆಂಪಾಯಿತು. “ಖಾಲಾ ಏನಾದ್ರೂ ಅಂದ್ರಾ? ಇಲ್ವಲ್ಲ. ಬೇಕಾದ್ರೆ ಅವ್ರಿಗೂ ಒಂದು ಹಾಕ್ಕೊಡ್ತೀನಿ, ಕಡಿಮೆಗೆ.”

“ಅವರ ಪೆಟ್ಟಿಗೆ ಯಾರ ಮುಖಕ್ಕೆ ಹಾಕ್ತೀಯ?”

“ಅಮ್ಮ ಬದುಕೋದು ಬೇಕಾ ಬೇಡ್ವಾ, ಅದನ್ನ ಹೇಳು,” ಎಂದು ಅವನು ಗಾಡಿ ಹತ್ತಿದ. ಉತ್ತರವಿಲ್ಲದ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಕೆಲವು ದಿನ ಬಿಟ್ಟು ಖಾಲಾ ಅಮ್ಮನನ್ನು ನೋಡಲು ಮುಂಬಾಗಿಲಿನಿಂದ ಬಂದರು. ಅವರು ನಮ್ಮ ಮುಂಬಾಗಿಲಿಗೆ ನೆಂಟರ ಹಾಗೆ ಬಂದು ನಿಂತದ್ದನ್ನು ನಾನು ನೋಡಿರಲಿಲ್ಲ. ಕೈಯಲ್ಲಿ ಅದೇ ಡಬ್ಬಿ, ತುಂಬ ಗಂಜಿ. ಮುಖ ಬೆವರಿನಲ್ಲಿ ತೊಯ್ದು, ಕತ್ತಿನ ಸುತ್ತ ಬೆವರುಸಾಲೆ ಕೆಂಪಗೆ ಎದ್ದಿತ್ತು. ಹಾಸಿಗೆಯ ಪಕ್ಕ ಕುರ್ಚಿಯಲ್ಲಿ ಕೂತು, ಸೆರಗಿನಿಂದ ಕತ್ತು ಒರೆಸಿಕೊಂಡು ನಿಧಾನವಾಗಿ ಉಸಿರು ಬಿಟ್ಟರು. “ಮಾಶಾಲ್ಲಾ, ಎಷ್ಟು ತಂಪಿದೆ ಅಕ್ಕಾ ನಿಮ್ಮ ರೂಮು,” ಎಂದರು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ನಾವೂ ಏನಾದರೂ ಅಂದು ಜಗಳವಾಡಿ ಹಗುರಾಗಬಹುದಿತ್ತು. ಅಮ್ಮ ಅವರ ಕತ್ತನ್ನೇ ನೋಡುತ್ತಿದ್ದಳು. “ಇನ್ನೂ ಸ್ವಲ್ಪ ಹೊತ್ತು ಕೂತ್ಕೊಳ್ಳಿ ಆಪಾ,” ಎಂದು ಮತ್ತೆ ಮತ್ತೆ ಹೇಳಿದಳು. ಅವರು ಮಧ್ಯಾಹ್ನದ ನಮಾಜಿಗೆ ಹೊತ್ತಾಯಿತೆಂದು ಎದ್ದರು.

ಅವರು ಹೋದ ಮೇಲೆ ಅಮ್ಮ, “ಪೆಟ್ಟಿಗೆ ಸಂದಿಗೆ ಹಾಕಿದಾನಾ?” ಎಂದು ಕೇಳಿದಳು. ಹೌದೆಂದೆ. ಅವಳು ಕಂಬಳಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡಳು. ಹಿಟ್ಟಿನ ಪಾತ್ರೆಗೆ ಸುತ್ತುತ್ತಿದ್ದ ಕಂಬಳಿಯೇ ಅದು; ಎ.ಸಿ. ಬಂದ ಮೇಲೆ ಮತ್ತೆ ಬೀರುವಿನಿಂದ ಇಳಿದಿತ್ತು. ಹಳೆಯ ಬೆಂಗಳೂರು ಎಂದು ಎಲ್ಲರೂ ಹಲುಬುತ್ತಾರಲ್ಲ, ಅಮ್ಮನಿಗೆ ಅದು ಒಂದು ಕೋಣೆಯಷ್ಟು ವಾಪಸು ಸಿಕ್ಕಿತ್ತು. ಅದರ ಬಾಡಿಗೆ ಖಾಲಾ ಕಟ್ಟುತ್ತಿದ್ದರು.

ಮೇ ತಿಂಗಳಲ್ಲಿ ಅಮ್ಮ ಮೊದಲ ಸಲ ಎದ್ದು ಒಲೆಯ ಮುಂದೆ ನಿಂತು ರವೆ ಉಂಡೆ ಮಾಡಿದಳು. ಖಾಲಾ ಅವರಿಗೆ ಅದು ಪ್ರಾಣ. ದ್ರಾಕ್ಷಿ, ಗೋಡಂಬಿ ಕೈತುಂಬ ಸುರಿದಳು. ಡಬ್ಬಿ ತುಂಬಿಸಿ, ಅಭ್ಯಾಸಬಲದಿಂದ ಹಿಂದಿನ ಕಿಟಕಿಯ ಹತ್ತಿರ ಹೋಗಿ ಚಿಲಕಕ್ಕೆ ಕೈ ಹಾಕಿದಳು. ತೆರೆದರೆ ತಂಪು ಹೋಗುತ್ತದೆ ಎಂದು ತಮ್ಮ ಅದರ ಸಂದುಗಳಿಗೆಲ್ಲ ಟೇಪು ಅಂಟಿಸಿದ್ದ. ಕೈ ಹಿಂದೆ ತೆಗೆದುಕೊಂಡು, “ನೀನೇ ಕೊಟ್ಟು ಬಾ,” ಎಂದು ನನ್ನನ್ನು ಕಳಿಸಿದಳು.

ಬೀದಿ ಸುತ್ತಿ ಹೋದೆ. ಖಾಲಾ ಬಾಗಿಲು ತೆಗೆದರು. ಒಳಗೆ ಕಾಲಿಟ್ಟೊಡನೆ ಬೆಂಕಿಪೆಟ್ಟಿಗೆಯೊಳಗೆ ಹೊಕ್ಕ ಹಾಗಾಯಿತು. ಸಂದಿಯ ಕಡೆಯ ಕಿಟಕಿ ಮುಚ್ಚಿತ್ತು, ಅದಕ್ಕೆ ಒಳಗಿನಿಂದ ರಟ್ಟು ಹೊಡೆದಿದ್ದರು. ಹಾಸಿಗೆಯನ್ನು ಎಳೆದು ಬಾಗಿಲ ಹತ್ತಿರ ಹಾಕಿಕೊಂಡಿದ್ದರು. ಆ ರಟ್ಟಿನ ಆಚೆಯಿಂದ ನಮ್ಮ ಮನೆಯ ಪೆಟ್ಟಿಗೆಯ ಗುರುಗುಟ್ಟುವಿಕೆ ನಿಚ್ಚಳವಾಗಿ ಕೇಳುತ್ತಿತ್ತು. ನಮ್ಮ ಮನೆಯೊಳಗೆ ಅದು ಕೇಳುವುದೇ ಇಲ್ಲ.

“ಅಮ್ಮ ಹೇಗಿದಾರೆ ಬೇಟಿ? ನಿದ್ದೆ ಬರ್ತಾ ಇದೆಯಾ?”

“ಬರ್ತಿದೆ ಖಾಲಾ.”

“ಅಲ್ಹಮ್ದುಲಿಲ್ಲಾ.”

ಡಬ್ಬಿ ತೆಗೆದುಕೊಂಡು ಅಡುಗೆಮನೆಗೆ ಹೋದರು. ಉಂಡೆಗಳನ್ನು ತಟ್ಟೆಗೆ ಹಾಕಿದ್ದು, ನಲ್ಲಿ ಬಿಟ್ಟು ಡಬ್ಬಿ ತೊಳೆದದ್ದು ಕೇಳಿಸಿತು. ಈಗ ಸಕ್ಕರೆಯ ಡಬ್ಬದ ಮುಚ್ಚಳ ತೆಗೆಯುವ ಸದ್ದಿಗೆ ಕಾದೆ. ಅವರು ಸೆರಗಿನಲ್ಲಿ ಡಬ್ಬಿ ಒರೆಸುತ್ತಾ ಬಂದು ನನ್ನ ಕೈಗೆ ಕೊಟ್ಟರು. ಹಗುರವಾಗಿತ್ತು.

“ಇದು ನಿಮ್ಮ ಮನೇದು ಬೇಟಿ. ನಿಮ್ಮ ಹತ್ರಾನೇ ಇರ್ಲಿ,” ಎಂದರು. ಕೋಪವಿರಲಿಲ್ಲ. ನನ್ನ ತಲೆ ಸವರಿ, “ಅಮ್ಮಂಗೆ ಸಲಾಂ ಹೇಳು,” ಎಂದರು.

ಅಮ್ಮ ಹಾಸಿಗೆಯ ಮೇಲೆ ಕಾಯುತ್ತಾ ಕೂತಿದ್ದಳು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆಗೆದು ನೋಡಿದಳು. ಮೂಲೆಯಲ್ಲೆಲ್ಲೋ ಒಂದು ಸಕ್ಕರೆ ಹರಳು ಅಂಟಿರಬಹುದೇನೋ ಎಂಬಂತೆ ಬೆರಳಾಡಿಸಿದಳು.

“ಏನಂದ್ರು?”

“ಡಬ್ಬಿ ನಮ್ಮನೇದಂತೆ.”

ಅವಳು ಮುಚ್ಚಳ ಹಾಕಿದಳು. “ಎ.ಸಿ. ಆಫ್ ಮಾಡು,” ಎಂದಳು. ನಾನು ಆಫ್ ಮಾಡಿ, ಟೇಪು ಕಿತ್ತು ಕಿಟಕಿ ತೆರೆದೆ. ಸಂದಿಯಲ್ಲಿ ತಿರುಗುತ್ತಿದ್ದ ಪೆಟ್ಟಿಗೆಯ ರೆಕ್ಕೆ ನಿಧಾನವಾಗಿ ನಿಂತಿತು. ಎದುರಿನ ಕಿಟಕಿಯ ಗಾಜಿನ ಹಿಂದೆ ರಟ್ಟು ಕಾಣುತ್ತಿತ್ತು. “ಆಪಾ,” ಎಂದು ಅಮ್ಮ ಕೂಗಿದಳು. ದನಿ ಮೊದಲಿನಷ್ಟು ದೊಡ್ಡದಿರಲಿಲ್ಲ, ಆ ಕಡೆಗೆ ಮುಟ್ಟಿತೋ ಇಲ್ಲವೋ. ಇನ್ನೊಮ್ಮೆ ಕೂಗಿದಳು. ಸಂದಿಯಲ್ಲಿ ನಿಂತಿದ್ದ ಮಧ್ಯಾಹ್ನದ ಝಳ ನಿಧಾನವಾಗಿ ಕೋಣೆಯೊಳಗೆ ಬಂದು ಕೂತಿತು. ಅಮ್ಮನ ಹಣೆಯ ಮೇಲೆ ಬೆವರು ಮೂಡಿತು, ಏದುಸಿರು ಬರತೊಡಗಿತು. ನಾನು ಅವಳ ಮುಖ ನೋಡುತ್ತಾ ನಿಂತೆ, ಅವಳು ಆ ಕಿಟಕಿಯನ್ನು.

“ಹಾಕ್ಬಿಡೇ,” ಎಂದಳು ಕೊನೆಗೆ, ನನ್ನ ಕಡೆ ನೋಡದೆ. “ನಂಗೆ ತಡ್ಕೊಳಕ್ಕಾಗ್ತಿಲ್ಲ.”

ಕಿಟಕಿ ಮುಚ್ಚಿ, ರಿಮೋಟ್ ಒತ್ತಿದೆ.