ಟೀ ತೊಟ್ಟಿಗೆ ಬಿದ್ದ ಮದುವೆ ಗೌನು

ನಮ್ಮ ಹಾಲಿವುಡ್ಡಿನ ಕಪ್ಪು-ಬಿಳುಪು ಚಿತ್ರಗಳಲ್ಲಿ ನೀವು ಬಾಯಿಬಿಟ್ಟು ನೋಡಿದ ಬಿಳಿ ಬಟ್ಟೆ ಬಿಳಿಯದೇ ಅಲ್ಲ. ಅಪ್ಪಟ ಬಿಳಿ ಉಟ್ಟರೆ ಆ ದೀಪಗಳ ಬೆಳಕಿಗೆ ಬಟ್ಟೆಯೇ ಧಗಧಗಿಸಿ ನಾಯಕಿಯ ಮುಖ ಮಸುಕಾಗುತ್ತದೆ. ಅದಕ್ಕೇ ನಮ್ಮ ಹೊಲಿಗೆ ಕೋಣೆಯಲ್ಲಿ ಗೌನಿನಿಂದ ಕರವಸ್ತ್ರದವರೆಗೆ ಎಲ್ಲವನ್ನೂ ಟೀಯಲ್ಲಿ ಅದ್ದಿ ತೆಗೆಯುತ್ತಿದ್ದೆವು. ಹಾಗೆ ಕೆನೆ ಬಣ್ಣಕ್ಕೆ ತಿರುಗಿದ ಬಟ್ಟೆ ಕ್ಯಾಮೆರಾಗೆ ಹಾಲಿನಂತೆ ಕಾಣುತ್ತಿತ್ತು. ಅದ್ದುವುದು ನನ್ನ ಕೆಲಸ, ಹೊಲಿಯುವುದು ವರ್ನಾ ಪಿಕೆಟ್‌ಳದು.

ವರ್ನಾ ಹದಿನಾರು ವರ್ಷ ಬೇರೆಯವರ ಮದುವೆಗೆ ಗೌನು ಹೊಲಿದಳು. ಚಿತ್ರದ ಕಥೆ ಯಾವಾಗಲೂ ಒಂದೇ: ಬಾಯಿ ಜೋರಿನ ಬಡ ಟೈಪಿಸ್ಟು, ಬುದ್ಧಿ ಕಮ್ಮಿಯ ಕೋಟ್ಯಧೀಶ, ಒಂದೂವರೆ ಗಂಟೆ ಜಗಳ, ನಡುವೆ ಯಾರಾದರೂ ಕೊಳಕ್ಕೆ ಬೀಳುವುದು, ಕೊನೆಗೆ ಮುತ್ತು. ಊರಲ್ಲಿ ಕೆಲಸವಿಲ್ಲದ ಜನ ಪುಕ್ಕಟೆ ಸೂಪಿಗೆ ಸಾಲು ನಿಂತಿದ್ದ ಕಾಲ. ನಮ್ಮ ನಾಯಕಿ ಕಾರ್ಲೀನ್ ಡೆವರೋ ಮಾತ್ರ ಮೈಗಂಟಿದ ರೇಷ್ಮೆಯಲ್ಲಿ ನಿಂತು ಹಸಿವು ಹಸಿವು ಅನ್ನುತ್ತಿದ್ದಳು. ಆ ಗೌನು ತೊಟ್ಟು ಕೂರಲಿಕ್ಕೂ ಆಗದು. ಸುಸ್ತಾದರೆ ಒರಗಲು ಒಂದು ಹಲಗೆ. ಅವಳು ಜಾರಿ ಬಿದ್ದರೆ ದೇಶ ನಗುತ್ತಿತ್ತು, ಹರಿದಲ್ಲಿ ಹೊಲಿಗೆ ಹಾಕಲು ವರ್ನಾ ಮಂಡಿಯೂರುತ್ತಿದ್ದಳು.

ಇಂಥ ವರ್ನಾಳನ್ನು ಅವಳ ನಲವತ್ತೊಂದನೇ ವಯಸ್ಸಿನಲ್ಲಿ, ಮನೆಮನೆಗೆ ಐಸ್ ಗಡ್ಡೆ ಹಾಕುವ ಗಾಡಿಯ ಆಲ್ವಿನ್ ಮದುವೆಯಾಗುತ್ತೀಯಾ ಎಂದು ಕೇಳಿದ. ಜಗಳವಿಲ್ಲ, ಕೊಳಕ್ಕೆ ಬೀಳುವುದಿಲ್ಲ. ಕೇಳಿದ, ಇವಳು ಹೂಂ ಅಂದಳು. ಅವನ ಅಕ್ಕ ಥೆಲ್ಮಾಗೆ ಮಾತ್ರ ಸಂಕಟ.

"ಈ ವಯಸ್ಸಿಗೆ ಬಿಳಿ ಯಾಕಮ್ಮ? ಬೂದು ಬಣ್ಣ ಒಪ್ಪುತ್ತೆ. ಜನ ನಗ್ತಾರೆ."

"ನಗ್ಲಿ ಬಿಡಿ. ಹದಿನಾರು ವರ್ಷದಿಂದ ಜನ ನಗ್ಲಿ ಅಂತಾನೇ ಹೊಲೀತಿದೀನಿ."

ಥೆಲ್ಮಾ ಆಚೆ ಹೋದ ಮೇಲೆ ವರ್ನಾ ನನಗೆ ಹೇಳಿದಳು, "ಹಾಲಿನಂಥ ಬಿಳಿ ಕಣೆ ಮಿನ್ನಾ. ನಾನು ಚರ್ಚಿನ ಬಾಗಿಲಲ್ಲಿ ನಿಂತ್ರೆ ಅವಳ ಕಣ್ಣು ಕುಕ್ಬೇಕು."

ಏಳು ವಾರ ಊಟದ ಬಿಡುವಿನಲ್ಲಿ ಕೂತು ಹೊಲಿದಳು. ಮದುವೆ ಶನಿವಾರ. ಶುಕ್ರವಾರ ಗೌನು ಮುಗಿಯಿತು. ಅಂಚು ನೆಲಕ್ಕೆ ತಾಗಬಾರದೆಂದು ಎತ್ತರದ ಕೊಕ್ಕೆಗೆ ನೇತುಹಾಕಿ ಕಾರ್ಲೀನಳ ಅಳತೆಗೆ ಹೋದಳು. ಆ ಕೊಕ್ಕೆ ಇದ್ದದ್ದು ನನ್ನ ಟೀ ತೊಟ್ಟಿಯ ಪಕ್ಕ.

ಅದೇ ದಿನ ಕಾರ್ಲೀನ್ ಮದುವೆ ಗೌನಿನಲ್ಲಿ ಕೊಳಕ್ಕೆ ಬೀಳಬೇಕಿತ್ತು. ಒಂದೇ ಸಲಕ್ಕೆ ಸರಿಯಾಗಿ ಬೀಳಲು ಆಕೆಗೆ ಬರುತ್ತದೆಯೇ? ಅದಕ್ಕೆ ಒಂದೇ ಥರದ ನಾಲ್ಕು ಗೌನು. ನಿರ್ದೇಶಕ ಬಾಗಿಲಲ್ಲಿ ಅರಚುತ್ತಿದ್ದ. ಕೊಕ್ಕೆಗಳಲ್ಲಿದ್ದ ಬಿಳಿಯನ್ನೆಲ್ಲ ನಾನು ಒಂದಾದ ಮೇಲೊಂದು ಅದ್ದಿದೆ. ಐದನೆಯದನ್ನು ಹಿಂಡುವಾಗ ಕೈ ನಿಂತಿತು.

ವರ್ನಾ ಬಂದು ನೋಡಿದಳು. ಕಪಾಳಕ್ಕೆ ಬಾರಿಸಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತು. ಅವಳು ಅಂಚನ್ನು ಬೆಳಕಿಗೆ ಹಿಡಿದು, "ಬಣ್ಣ ಸಮನಾಗಿ ಹಿಡಿದಿದೆ," ಅಂದಳು.

"ಬಿಳಿ ಮಾಡೋ ಪುಡಿ ಹಾಕೋಣ ಕಣೆ."

"ಅದು ರೇಷ್ಮೇನೇ ತಿಂದುಬಿಡುತ್ತೆ. ಬಿಡು, ಇಸ್ತ್ರಿ ಕಾಯಿಸು."

ಚರ್ಚಿನ ಬಾಗಿಲಲ್ಲಿ ಥೆಲ್ಮಾ ಮೇಲಿಂದ ಕೆಳಗೆ ನೋಡಿದಳು. ತಾನು ಮಾತ್ರ ಗಂಜಿ ಹಾಕಿದ ಅಪ್ಪಟ ಬಿಳಿ ಉಟ್ಟು ಬಂದಿದ್ದಳು, ನಾಚಿಕೆಗೆಟ್ಟವಳು. "ಕೆನೆ ಬಣ್ಣ. ನನ್ನ ಮಾತು ಅರ್ಧನಾದ್ರೂ ಕೇಳ್ದೆಯಲ್ಲ, ಒಳ್ಳೇದಾಯ್ತು," ಅಂದಳು. ವರ್ನಾ ನೆರಿಗೆ ಸರಿಪಡಿಸಿಕೊಂಡು ಒಳಗೆ ನಡೆದಳು. ನಾನು ಹೂಗುಚ್ಛದ ಹಿಂದೆ ಮುಖ ಮರೆಸಿಕೊಂಡೆ.

ಆಮೇಲೆ ಎಲ್ಲರನ್ನೂ ಮಧ್ಯಾಹ್ನದ ಬಿಸಿಲಲ್ಲಿ ನಿಲ್ಲಿಸಿ ಫೋಟೊ ತೆಗೆದರು. ವಾರದ ನಂತರ ಅದು ಬಂತು. ಥೆಲ್ಮಾ ಇದ್ದ ಕಡೆ ಬರೀ ಉರಿಯುವ ಬಿಳಿ ಮುದ್ದೆ, ಮೇಲೊಂದು ಟೋಪಿ. ಪಕ್ಕದಲ್ಲಿ ವರ್ನಾ, ಒಂದೊಂದು ನೆರಿಗೆಯೂ ಎದ್ದು ಕಾಣುವ ಹಾಲಿನಂಥ ಬಿಳಿಯಲ್ಲಿ, ಯಾವ ನಾಯಕಿಗೂ ಕಮ್ಮಿ ಇಲ್ಲ. ಹೊಲಿಗೆ ಕೋಣೆಯಲ್ಲಿ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೋ ಹೋದ ಜೀವ ಬಂದಂತಾಯಿತು.

"ನೋಡೇ, ಕೊನೆಗೆ ನೀನೇ ಗೆದ್ದೆ," ಅಂದೆ.

ಅವಳು ಫೋಟೊವನ್ನು ಮಗುಚಿಟ್ಟು ಸೂಜಿಗೆ ದಾರ ಪೋಣಿಸಿದಳು.

"ಕ್ಯಾಮೆರಾಗೆ ಬೆಳ್ಳಗೆ ಕಾಣೋ ಹಾಗೆ ಮಾಡೋದು ನಮ್ಮ ದಿನದ ಕೆಲಸ ಕಣೆ ಮಿನ್ನಾ. ಅವತ್ತೊಂದಿನ ಜನರ ಕಣ್ಣಿಗೆ ಬೆಳ್ಳಗೆ ಕಾಣ್ಬೇಕಿತ್ತು."