ನಿಂತಲ್ಲೇ ನಡೆಯುವ ವಿದ್ಯೆ

ನನಗೆ ನಡೆಯಲು ಬರುವುದಿಲ್ಲ ಎಂಬುದು ಗೊತ್ತಾದದ್ದು ಶಾಲೆಯಿಂದ ನಿವೃತ್ತಳಾದ ಮೇಲೆ. ಅದುವರೆಗೆ ಆ ವಿಷಯದಲ್ಲಿ ಯಾವ ಅನುಮಾನವೂ ಇರಲಿಲ್ಲ. ನವಲಗುಂದದ ಎರೆಮಣ್ಣಿನಲ್ಲಿ, ಮಳೆಗಾಲದಲ್ಲಿ, ಚಪ್ಪಲಿಗೆ ಸೇರುಗಟ್ಟಲೆ ಕೆಸರು ಅಂಟಿಸಿಕೊಂಡು ಪಾಠ ಹೇಳಲು ಶಾಲೆಗೆ ಹೋಗಿಬಂದ ಅಕ್ಕೋರು ನಾನು. ಅಂಥ ನೆಲದಲ್ಲಿ ನಡೆದವರಿಗೆ ಜಗತ್ತಿನ ಎಲ್ಲ ನೆಲವೂ ಸಲೀಸು ಎಂಬ ಸೊಕ್ಕು ಸ್ವಲ್ಪ ಇತ್ತು.

ಅದು ಇಳಿದದ್ದು ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ. ಕೆಲವು ದಿನಗಳಿಂದ ಎದೆ ಹಿಡಿದಂತಾಗುತ್ತಿತ್ತು. ನಮ್ಮವ್ವ ಎದೆನೋವಿನಿಂದಲೇ ಹೋದವಳು. ಹಾಗಾಗಿ ಹೊರಗೆ ನಗುತ್ತಿದ್ದರೂ ಒಳಗೆ ನಡುಗುತ್ತಿದ್ದೆ. ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ಪರೀಕ್ಷಿಸಬೇಕು ಎಂದರು ಡಾಕ್ಟರು. ಮೈಗೆಲ್ಲ ವೈರು ಅಂಟಿಸಿ ನಿಲ್ಲಿಸಿದರು. ಕಾಲಡಿಯ ಪಟ್ಟಿ ಸರಿಯಿತು. ನಿಂತ ನೆಲ ಹಿಂದಕ್ಕೆ ಓಡುವುದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. “ಯವ್ವಾ!” ಎಂದು ಚೀರಿ, ಹೊರಟ ಬಸ್ಸಿನಿಂದ ಇಳಿಯುವವಳಂತೆ ಪಕ್ಕಕ್ಕೆ ಜಿಗಿದೆ. ಮೊಣಕಾಲು ತರಚಿತು. ಪರೀಕ್ಷೆ ನಿಂತಿತು.

“ಸದ್ಯ ಅವಸರದ್ದು ಏನೂ ಕಾಣವಲ್ದು,” ಎಂದರು ಡಾಕ್ಟರು. “ಮೆಲ್ಲಗ ನಡಿಯೂದು ರೂಢಿ ಮಾಡ್ಕೊಂಡು ಮುಂದಿನ ವಾರ ಬರ್ರಿ. ನೋವು ಬಂದ್ರ ಅಲ್ಲೇ ನಿಲ್ಲಸ್ರಿ.”

ರೂಢಿಗೆ ಯಂತ್ರ ಬೇಕಲ್ಲ? ಅದು ನಮ್ಮ ಓಣಿಯಲ್ಲೇ ಇತ್ತು, ನನ್ನ ಗಂಡನ ತಂಗಿ ನೀಲವ್ವನ ಮನೆಯಲ್ಲಿ. ಅವಳಿಗೆ ಸಕ್ಕರೆ ಕಾಯಿಲೆ ಬಂದಾಗ ಅವಳ ಗಂಡ ತರಿಸಿದ್ದ. ನಾನು ಹೋದೊಡನೆ ನೀಲವ್ವ ಸೊಂಟಕ್ಕೆ ಕೈಯಿಟ್ಟು ಪಾಠ ಶುರು ಮಾಡಿದಳು.

“ಮೊದ್ಲ ಸೆರಗು ಸಿಗಸ್ರಿ ವೈನಿ. ನಿರಗಿ ಮ್ಯಾಲೆ ಎತ್ತಿ ಕಟ್ರಿ.” ಯಂತ್ರಕ್ಕೆ ತಗುಲಿಸಿದ್ದ ಕೆಂಪು ದಾರದ ಚಿಮುಟವನ್ನು ನನ್ನ ಸೊಂಟಕ್ಕೆ ಸಿಕ್ಕಿಸಿದಳು. “ನೀವು ಹಿಂದ ಸರದ್ರ ಈ ದಾರ ಕಿತ್ತು ಬರತೈತಿ, ಮಷೀನ ತಾನ ನಿಂದರತೈತಿ. ಅಂಜಬ್ಯಾಡ್ರಿ.”

ಮೊದಲು ಪಟ್ಟಿಯ ಮೇಲಲ್ಲ, ಎರಡೂ ಬದಿಯ ಅಂಚಿನ ಮೇಲೆ ನಿಲ್ಲಬೇಕು. ಪಟ್ಟಿ ಆಮೆಯಂತೆ ಸರಿಯತೊಡಗಿದ ಮೇಲೆ ಒಂದೊಂದೇ ಕಾಲು ಇಳಿಸಬೇಕು. ಅದು ಪೂರ್ತಿ ನಿಲ್ಲುವವರೆಗೆ ಇಳಿಯಕೂಡದು. ನನಗೆ ಎಲ್ಲ ತಿಳಿಯಿತು, ಕಾಲಿಗೆ ಮಾತ್ರ ತಿಳಿಯಲಿಲ್ಲ. ಕೈ ಹಿಡಿಕೆಯನ್ನು ಬಿಡದು, ಕಣ್ಣು ಪಾದವನ್ನು ಬಿಡದು.

ಲಿಂಗಪೂಜೆಯ ಮನೆತನದಲ್ಲಿ ಹುಟ್ಟಿದ ನಮಗೆ ಸ್ಥಾವರ, ಜಂಗಮ ಎಂಬ ಮಾತುಗಳು ಚಿಕ್ಕಂದಿನಿಂದ ಪರಿಚಿತ. ನಿಂತದ್ದು ಒಂದು, ನಡೆಯುವುದು ಇನ್ನೊಂದು. ಈ ಯಂತ್ರ ಮಾತ್ರ ಎರಡರಲ್ಲಿ ಯಾವುದಕ್ಕೂ ಸೇರದು. ದಿನವೆಲ್ಲ ನಡೆದರೂ ಎದುರಿನ ಕ್ಯಾಲೆಂಡರು ಗೇಣು ಹತ್ತಿರವಾಗುವುದಿಲ್ಲ. ಎಲ್ಲಿಗೂ ಹೋಗದ ದಾರಿಯಲ್ಲಿ ಬೀಳುವ ಭಯವೊಂದೇ ನಿಜ!

ಪರೀಕ್ಷೆ ಹತ್ತಿರ ಬಂದಾಗ ನೀಲವ್ವ ಬೇಸತ್ತಳು. “ವೈನಿ, ಸಣ್ಣಾಕಿ ಇದ್ದಾಗ ಹೊಲಕ್ಕ ತಲಿಮ್ಯಾಲೆ ಬುತ್ತಿ ಒಯ್ತಿದ್ರಲ್ಲ, ಕಾಲು ನೋಡ್ಕೋತ ಹೋಗ್ತಿದ್ರೇನು?”

“ಕಾಲು ನೋಡಿದ್ರ ಬುತ್ತಿ ಬೀಳ್ತಿತ್ತಲ್ಲ,” ಎಂದೆ. ಆಡಿದ ಮಾತು ನನ್ನ ಕಿವಿಗೂ ಬಿತ್ತು.

ನೀಲವ್ವ ಒಳಗೆ ಹೋಗಿ ಹಳೆಯ ಸೀರೆಯ ತುಂಡನ್ನು ಸಿಂಬಿ ಸುತ್ತಿ ತಂದು, ಪಟ್ಟಿಯ ಮೇಲೆ ನಡೆಯುತ್ತಿದ್ದ ನನ್ನ ತಲೆಯ ಮೇಲಿಟ್ಟಳು. ಏನಾಯಿತೋ! ಕತ್ತು ತಾನೇ ನೆಟ್ಟಗಾಯಿತು. ಹೆಗಲು ಇಳಿದವು. ನೋಟ ಕಿಟಕಿಯಾಚೆಯ ಬೇವಿನ ಮರಕ್ಕೆ ಹೋಗಿ ನಿಂತಿತು. ಎರೆಹೊಲದ ಬದುವಿನ ಮೇಲೆ ರೊಟ್ಟಿಬುಟ್ಟಿ ಹೊತ್ತು ನಡೆದ ಹುಡುಗಿ ನನ್ನ ಕಾಲೊಳಗೇ ಇದ್ದಳು, ಎಬ್ಬಿಸುವವರಿರಲಿಲ್ಲ, ಅಷ್ಟೇ.

“ಬಿಟ್ರಿ! ವೈನಿ, ಕೈ ಬಿಟ್ರಿ!” ಎಂದು ನೀಲವ್ವ ಒದರಿದಾಗಲೇ ಹಿಡಿಕೆ ಕೈಯಲ್ಲಿಲ್ಲವೆಂದು ನನಗೆ ತಿಳಿದದ್ದು.

ಆಸ್ಪತ್ರೆಯಲ್ಲಿ ಈ ಸಲ ಪಟ್ಟಿ ಸರಿದರೆ ನಾನೂ ಸರಿದೆ. ಮುಂಭಾಗ ಮೇಲೆದ್ದು ಗುಡ್ಡ ಹತ್ತಿದಂತಾಯಿತು; ಹತ್ತಿದೆ. “ಸಾಕಾತೇನ್ರಿ?” ಎಂದು ಕೇಳಿದ ನರ್ಸಿಗೆ, “ಇನ್ನೊಂದೀಟು ನಡೀಲಿ ಬಿಡ್ರಿ,” ಎಂದೆ. ಡಾಕ್ಟರು ವರದಿ ನೋಡಿ ನಕ್ಕರು. “ಹೃದಯ ಅಗದಿ ಗಟ್ಟಿ ಐತ್ರಿ ಅಕ್ಕೋರ. ನಿಮ್ಮ ತ್ರಾಸು ಎದಿದಲ್ಲ, ಹೊಟ್ಟಿದು.” ಹೊರಗೆ ಕಾದಿದ್ದ ನೀಲವ್ವ ಮೊದಲು ಅತ್ತಳು. ಕಣ್ಣೊರೆಸಿಕೊಂಡು, “ಹಂಗಾರ ಇವತ್ತಿನಿಂದ ಮಿರ್ಚಿ ಬಂದ್!” ಎಂದು ಅಪ್ಪಣೆ ಕೊಟ್ಟಳು.

ಊರಿಗೆ ಬಂದ ಮೇಲೆ, “ಇನ್ನ ನೀ ಕೈ ಬಿಟ್ಟು ನಡಿಯೂದು ತೋರ್ಸ ನೋಡೂಣು,” ಎಂದೆ. ನೀಲವ್ವ ಯಂತ್ರದ ಕೆಂಪು ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಮೆಲ್ಲಗೆ ಹೇಳಿದಳು: “ನಾ ಒಂದಿನಾನೂ ಕೈ ಬಿಟ್ಟಿಲ್ರಿ ವೈನಿ. ಅಂಜಿಕಿ.”

ನಾನು ನಗಲಿಲ್ಲ. ಸಮುದ್ರವನ್ನೇ ನೋಡದೆ ವರ್ಷಗಟ್ಟಲೆ ಸಮುದ್ರದ ಪಾಠ ಮಾಡಿದವಳು ನಾನು. ಮಕ್ಕಳು ಅಲೆಗಳನ್ನು ಚಂದವಾಗಿಯೇ ಬರೆಯುತ್ತಿದ್ದರು. ಅವಳನ್ನು ಯಂತ್ರದ ಮೇಲೆ ಹತ್ತಿಸಿ, ಪಕ್ಕದಲ್ಲಿ ನಿಂತು ಧೈರ್ಯ ಹೇಳಿದೆ. ನೀಲವ್ವ ಒಂದು ಕೈ ಬಿಟ್ಟಳು. ಕಣ್ಣು ಮುಚ್ಚಿ, ತೆರೆದು, ಇನ್ನೊಂದನ್ನೂ ಬಿಟ್ಟಳು. ಇಬ್ಬರೂ ಹಾಕಿದ ಕೂಗಿಗೆ ಅವಳ ಗಂಡ ಹಿತ್ತಲಿನಿಂದ ಓಡಿ ಬಂದ.

“ಯಾರ ಬಿದ್ರು?”

“ಯಾರೂ ಬಿದ್ದಿಲ್ರೀ,” ಎಂದಳು ನೀಲವ್ವ, ನಡೆಯುತ್ತಲೇ. “ಅದಕ್ಕ ಒದರಾಕ್ಹತ್ತೀವಿ!”