ಕೊನೆಯಿಲ್ಲದ ಬಾಣಂತನ

ನಾನು ಕೆ.ಆರ್. ಪೇಟೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು. ಹತ್ತನೇ ತರಗತಿಯಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ "ಮನೇಲಿ ಓದ್ಕೊಳ್ಳಿ" ಎಂದು ಪುಟ ಮಗುಚುವವರ ಪೈಕಿ ನಾನಲ್ಲ. ಬೋರ್ಡಿನ ಮೇಲೆ ಚಿತ್ರ ಬರೆದು, ಒಂದೊಂದು ಭಾಗಕ್ಕೂ ಹೆಸರು ಬರೆದು, ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದವನನ್ನು ಎಬ್ಬಿಸಿ ಅವನ ಬಾಯಲ್ಲೇ ಆ ಹೆಸರುಗಳನ್ನು ಹೇಳಿಸುತ್ತಿದ್ದೆ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ನನ್ನದೇ ಮೈಯ ವಿಚಾರ ಬಂದಾಗ ಆ ಜಂಬ ಕೆಲಸಕ್ಕೆ ಬರಲಿಲ್ಲ.

ನಲವತ್ತೊಂದನೇ ವಯಸ್ಸಿಗೆ ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್ ಎಂದರು. ಮೈಸೂರಿನ ಆಸ್ಪತ್ರೆಯಲ್ಲಿ ಐದು ವಾರ ರೇಡಿಯೇಷನ್. ನಮ್ಮ ಕಡೆ ಅದಕ್ಕೆ ಕರೆಂಟು ಕೊಡೋದು ಅನ್ನುತ್ತಾರೆ. ನನ್ನ ಗಂಡ ಊರಿನ ಹಾಲಿನ ಡೈರಿಯ ಕಾರ್ಯದರ್ಶಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಲು ಅಳೆಯಲೇಬೇಕು, ಹಬ್ಬವಾದರೂ ಸಾವಾದರೂ ಬಿಡುವಿಲ್ಲ. ಮಗಳು ಹಾಸ್ಟೆಲಿನಲ್ಲಿದ್ದಳು. ನನ್ನ ತವರು ಶ್ರೀರಂಗಪಟ್ಟಣದ ಹತ್ತಿರ, ಕರಿಘಟ್ಟದ ಬುಡದಲ್ಲಿ. ಅಲ್ಲಿಂದ ಮೈಸೂರು ಹತ್ತಿರ. ಹಾಗಾಗಿ ಅವ್ವ ಬಂದು ನನ್ನನ್ನು ಕರೆದುಕೊಂಡು ಹೋದಳು.

ಅವ್ವನಿಗೆ ಕ್ಯಾನ್ಸರ್ ಗೊತ್ತಿರಲಿಲ್ಲ. ಬಾಣಂತನ ಗೊತ್ತಿತ್ತು. ಮಗಳು ಹೊಟ್ಟೆಯ ಕೆಳಗಿನ ನೋವು ಹೊತ್ತು ತವರಿಗೆ ಬಂದರೆ ಏನು ಮಾಡಬೇಕೋ ಅದನ್ನೇ ಮಾಡಿದಳು. ತಲೆಗೆ ಬಟ್ಟೆ ಕಟ್ಟಿದಳು, ಕಿವಿಗೆ ಹತ್ತಿ ಇಟ್ಟಳು, ಮೆಣಸು ಬೆಳ್ಳುಳ್ಳಿಯ ಸಾರಿನಲ್ಲಿ ಅನ್ನ ಕಲಸಿ ಕೊಟ್ಟಳು. ಹಂಡೆಯ ತುಂಬ ನೀರು ಕಾಯಿಸಿ ಸೊಂಟಕ್ಕೆ ಎರೆಯಲು ಬಂದಾಗ ಮಾತ್ರ ನಾನು ತಿರುಗಿಬಿದ್ದೆ. ಸುಟ್ಟಂತಾಗಿದ್ದ ಚರ್ಮದ ಮೇಲೆ ಬಿಸಿನೀರು ಬೀಳಕೂಡದು ಎಂದು ಡಾಕ್ಟರು ಹೇಳಿದ್ದರು. ಆ ಜಗಳದಲ್ಲಿ ನಾನೇ ಗೆದ್ದೆ. ಭಾನುವಾರ ನೋಡಲು ಬಂದ ನನ್ನ ಗಂಡನನ್ನು ಬಾಗಿಲ ಹತ್ತಿರವೇ ತಡೆದು ಅವ್ವ ಹೇಳಿದ ಮಾತಿನ ಮೇಲೆ ಜಗಳವಾಡಬೇಕೆಂದು ನನಗೆ ಹೊಳೆಯಲೇ ಇಲ್ಲ.

"ಹಸಿ ಮೈ ಕಣಪ್ಪ. ದೂರ ಇರಿ. ಅವಳ ಹತ್ರ ಹೋಗ್ಬ್ಯಾಡಿ," ಎಂದಳು. ಅವರು ಚಪ್ಪಲಿ ಬಿಡದೆ ಅಲ್ಲೇ ನಿಂತು, "ಆಯ್ತು ಕಣತ್ತೆ," ಎಂದರು.

ಕೊನೆಯ ದಿನ ಆಸ್ಪತ್ರೆಯಲ್ಲಿ ಒಬ್ಬ ಸಿಸ್ಟರ್ ನನ್ನ ಮಂಚದ ಹತ್ತಿರ ಬಂದು ಕೂತರು. ಕೈಯಲ್ಲಿ ಒಂದು ಪೊಟ್ಟಣವಿತ್ತು. ನನಗೆ ವಾಂತಿಯಾಗಿ ಕಣ್ಣು ತೆರೆಯಲಾಗುತ್ತಿರಲಿಲ್ಲ. "ಇನ್ನು ಗಂಡ ಹೆಂಡತಿ ವಿಚಾರ ಸ್ವಲ್ಪ ಹೇಳಬೇಕು," ಎಂದು ಅವರು ಶುರುಮಾಡಿದರು. ಪಕ್ಕದಲ್ಲಿ ಅವ್ವ ನಿಂತಿದ್ದಳು. ನಾನು ಗೋಡೆಯ ಕಡೆ ಮುಖ ತಿರುಗಿಸಿಕೊಂಡೆ. ಹೌದು, ಹುಡುಗರ ಬಾಯಲ್ಲಿ ಹೆಸರು ಹೇಳಿಸುವ ನಾನೇ, ಹೆತ್ತ ತಾಯಿಯ ಎದುರು ಆ ಮಾತು ಕೇಳಿಸಿಕೊಳ್ಳಲಾರದೆ ನಿದ್ದೆ ಬಂದವಳ ಹಾಗೆ ಮಲಗಿದೆ. ಸಿಸ್ಟರ್ ಅವ್ವನನ್ನು ಆಚೆ ಕರೆದುಕೊಂಡು ಹೋಗಿ, ಎಲ್ಲ ವಿವರಿಸಿ, ಪೊಟ್ಟಣ ಕೊಟ್ಟು ಸಹಿ ಹಾಕಿಸಿಕೊಂಡರು. ಅವರ ತಪ್ಪೇನೂ ಇಲ್ಲ.

ಬಾಣಂತನಕ್ಕೆ ಒಂದು ಕೊನೆ ಇರುತ್ತದೆ. ಐದು ತಿಂಗಳೋ ಏಳು ತಿಂಗಳೋ ಆದಮೇಲೆ ಗಂಡನ ಮನೆಯವರು ಬರುತ್ತಾರೆ, ತವರಿನವರು ಸೀರೆ ಉಡಿಸಿ ಮಡಿಲಕ್ಕಿ ಕಟ್ಟಿ ಕಳಿಸುತ್ತಾರೆ. ಇನ್ನು ಮೇಲೆ ಇವಳು ನಿನ್ನ ಹೆಂಡತಿ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಆ ಅಕ್ಕಿಯೇ ಹೇಳುತ್ತದೆ. ನನ್ನನ್ನು ಕಳಿಸುವಾಗ ಅವ್ವ ಮಡಿಲಕ್ಕಿ ಕಟ್ಟಲಿಲ್ಲ. ಕಾಯಿಲೆಯಿಂದ ಎದ್ದವಳಿಗೆ ಅಂಥದ್ದು ಮಾಡುವ ಪದ್ಧತಿ ಇಲ್ಲ. ಔಷಧಿಯ ಚೀಲದ ಜೊತೆ ಕಾರಿಗೆ ಹತ್ತಿಸಿದಳು, ಅಷ್ಟೆ.

ಊರಿಗೆ ಬಂದ ದಿನವೇ ನನ್ನ ಗಂಡ ತಮ್ಮ ಚಾಪೆ ದಿಂಬು ನಡುಮನೆಗೆ ಸಾಗಿಸಿದರು. ಎರಡು ವರ್ಷ ಅಲ್ಲೇ ಮಲಗಿದರು. ಡೈರಿಯಿಂದ ಬಂದವರೇ ನನಗೆ ಗಂಜಿ ಕಾಯಿಸುತ್ತಿದ್ದರು, ನನ್ನ ಬಟ್ಟೆ ಒಗೆಯುತ್ತಿದ್ದರು, ಕೂದಲು ಬಾಚುವಾಗ ಕೈ ಸೋತರೆ ಬಾಚಣಿಗೆ ತಾವೇ ತೆಗೆದುಕೊಳ್ಳುತ್ತಿದ್ದರು. "ದೇವ್ರಂಥ ಗಂಡ ಕಣಮ್ಮಿ ನಿಂದು," ಎಂದು ಓಣಿಯ ಹೆಂಗಸರೆಲ್ಲ ಹೇಳಿಹೋಗುವವರೇ. ದೇವರಂಥ ಗಂಡ ನನಗೆ ಬೇಕಾಗಿರಲಿಲ್ಲ. ಗಂಡನಂಥ ಗಂಡ ಬೇಕಾಗಿತ್ತು. ಮೈ ಚೇತರಿಸಿಕೊಂಡ ಹಾಗೆಲ್ಲ ಆಸೆಯೂ ಚಿಗುರುತ್ತಿತ್ತು, ಅದನ್ನು ಬರೆಯಲು ನನಗೆ ಈಗ ನಾಚಿಕೆಯಿಲ್ಲ. ಇವರು ಮಾತ್ರ ನಡುಮನೆಯಿಂದ ಏಳಲಿಲ್ಲ. ನನ್ನೊಳಗೆ ಕೊಳೆತದ್ದನ್ನು ನೆನೆದು ಅಸಹ್ಯಪಡುತ್ತಿದ್ದಾರೆ ಎಂದೇ ನಾನು ನಿರ್ಧರಿಸಿಕೊಂಡೆ. ಸಣ್ಣಸಣ್ಣದಕ್ಕೂ ಸಿಡಿಯತೊಡಗಿದೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದರೆ ತಟ್ಟೆ ಸರಿಸಿ ಏಳುತ್ತಿದ್ದೆ. ಅವರು ಅದನ್ನೂ ಕಾಯಿಲೆಯ ಲೆಕ್ಕಕ್ಕೆ ಹಾಕುತ್ತಿದ್ದರು.

ಅದುವರೆಗಿನ ತಪಾಸಣೆಗಳಲ್ಲಿ ಬರೀ ಸ್ಕ್ಯಾನ್ ನೋಡಿ ಕಳಿಸುತ್ತಿದ್ದರು. ಎರಡು ವರ್ಷದ ತಪಾಸಣೆಗೆ ಹೋದಾಗ ಹೊಸದಾಗಿ ಬಂದಿದ್ದ ಲೇಡಿ ಡಾಕ್ಟರು ಒಳಗೆ ಪರೀಕ್ಷೆ ಮಾಡಲು ನೋಡಿದರು, ಆಗಲಿಲ್ಲ. ನಾನು ಕಿರುಚಿಕೊಂಡೆ. ಅವರು ಕೈಗವಸು ಬಿಚ್ಚಿ, ನನ್ನನ್ನು ಎಬ್ಬಿಸಿ ಕೂರಿಸಿ ಕೇಳಿದರು: "ಡೈಲೇಟರ್ ಬಳಸ್ತಾ ಇಲ್ವಾ ಮೇಡಂ?"

"ಅದೇನು?" ಎಂದೆ.

ರೇಡಿಯೇಷನ್ ಆದಮೇಲೆ ಯೋನಿಯ ಗೋಡೆಗಳು ಒಣಗಿ ಒಂದಕ್ಕೊಂದು ಅಂಟಿಕೊಳ್ಳುತ್ತವಂತೆ. ಅದು ಮುಚ್ಚಿಕೊಳ್ಳದಿರಲಿ ಎಂದು ಪ್ಲಾಸ್ಟಿಕ್ಕಿನ ನುಣುಪಾದ ಕೊಳವೆಗಳನ್ನು ಕೊಡುತ್ತಾರೆ. ಸಣ್ಣದರಿಂದ ಶುರುಮಾಡಿ ಜೆಲ್ಲಿ ಹಚ್ಚಿ ವಾರಕ್ಕೆ ಎರಡು ಮೂರು ಸಲ ಬಳಸಬೇಕು. ಹುಣ್ಣು ಮಾಗಿದ ಮೇಲೆ ಗಂಡ ಹೆಂಡತಿ ಕೂಡಬಹುದು, ಅದರಿಂದ ಕಾಯಿಲೆ ಮರಳುವುದಿಲ್ಲ, ಗಂಡನಿಗೆ ಅಂಟುವುದೂ ಇಲ್ಲ. ಇದನ್ನೆಲ್ಲ ಡಾಕ್ಟರು ನಿಧಾನವಾಗಿ, ಹೆಸರು ಹಿಡಿದು ಹೇಳಿದರು. ಆಮೇಲೆ ನನ್ನ ಹಳೆಯ ಫೈಲಿನಲ್ಲಿ ಒಂದು ಹಾಳೆ ತೋರಿಸಿದರು. ಕೊಳವೆಗಳನ್ನು ಕೊಟ್ಟದ್ದಕ್ಕೆ ಅವ್ವನ ಸಹಿ ಅಲ್ಲಿತ್ತು.

ನೆಟ್ಟಗೆ ತವರಿಗೆ ಹೋದೆ. ಅವ್ವ ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಸಿಸ್ಟರ್ ಕೊಟ್ಟ ಪೊಟ್ಟಣ ಎಲ್ಲಿ ಎಂದು ನಾನು ಕೇಳಿದ ಕೂಡಲೇ ಅವಳಿಗೆ ಗೊತ್ತಾಯಿತು. ಎದ್ದು ಒಳಗೆ ಹೋಗಿ ಟ್ರಂಕಿನ ತಳದಿಂದ ಒಂದು ಗಂಟು ತಂದಳು. ಹಳೆಯ ಸೀರೆಯ ತುಂಡಿನಲ್ಲಿ ಪೊಟ್ಟಣ ಒಡೆಯದೆ ಹಾಗೇ ಇತ್ತು.

"ಎಸೆಯಕ್ಕೆ ಭಯ ಆಯ್ತು ಕಣವ್ವ, ಆಸ್ಪತ್ರೆ ಸಾಮಾನು," ಎಂದಳು. "ಹಸಿ ಮೈಗೆ ಇದ್ನ ಎಂಗೆ ಆಕ್ಕೊ ಅನ್ನದು? ಆ ಸಿಸ್ಟ್ರಿಗೆ ತಲೆ ಕೆಟ್ಟದೆ ಅಂದ್ಕಂಡೆ. ನಿಂಗೇನಾದ್ರೂ ಆಗ್ಬುಟ್ರೆ?"

"ನನ್ನ ಒಂದು ಮಾತು ಕೇಳಬಹುದಿತ್ತಲ್ಲವ್ವ!"

"ಹೆತ್ತವಳು ಮಗಳ್ನ ಅದ್ನೆಲ್ಲ ಕೇಳ್ತಾಳಾ?" ಎಂದು ಅಳತೊಡಗಿದಳು. "ನೀನು ಉಳುದ್ರೆ ಸಾಕು ಅನ್ನದೊಂದೇ ನನ್ ತಲೇಲಿ ಇದ್ದುದ್ದು."

ಬೈಯಲೆಂದು ಹೋದವಳು ಬೈಯಲೂ ಆಗದೆ, ಅವಳ ಜೊತೆ ಅಳಲೂ ಆಗದೆ, ಗಂಟು ತೆಗೆದುಕೊಂಡು ಬಸ್ಸು ಹತ್ತಿದೆ. ಪಾಂಡವಪುರ ದಾಟುವ ತನಕ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದೆ. ಪಕ್ಕದ ಹೆಂಗಸು ಪ್ರಸಾದವಾ ಎಂದು ಕೇಳಿದರು. ಹೌದು ಎಂದೆ.

ಮನೆಗೆ ಬಂದು ಗಂಡನ ಮುಂದೆ ಎಲ್ಲ ಹೇಳಿದೆ. ಅವರು ಕೊಳವೆಗಳನ್ನು ನೋಡಿದರು, ಮುಟ್ಟಲಿಲ್ಲ. "ನಾನು ಅಸಹ್ಯ ಆದೆ ಅಂತ ನೀವು ಆಚೆ ಮಲಗ್ತಿದ್ರಿ ಅಂದ್ಕೊಂಡಿದ್ದೆ," ಎಂದೆ.

"ಅಸಹ್ಯವಾ?" ಎಂದರು. "ನಿಮ್ಮವ್ವ ಹಸಿ ಮೈ ಅಂದ್ರು. ಯಾವಾಗ ಒಣಗ್ತದೆ ಅಂತ ಯಾರ್ನ ಕೇಳಾನ ಹೇಳು? ನಿಮ್ಮವ್ವನ್ನ ಕೇಳಾನಾ? ನಿನ್ನ ಕೇಳಿದ್ರೆ, ಸಾಯೋದ್ರಿಂದ ಎದ್ ಬಂದವಳ್ನ ಇವ್ನು ಇದ್ನ ಕೇಳ್ತಾನಲ್ಲ ಅಂತ ನೀನು ಉಗೀತಿದ್ದೆ."

ಅವರ ಚಾಪೆ ಅಂದೇ ಒಳಗೆ ಬಂತು. ಡಾಕ್ಟರು ಮಾತ್ರ ನನಗೆ ಸುಳ್ಳು ಭರವಸೆ ಕೊಟ್ಟಿರಲಿಲ್ಲ. ತಡವಾಗಿದೆ, ಸ್ವಲ್ಪ ಸಡಿಲವಾಗಬಹುದು, ಮೊದಲಿನಂತೆ ಆಗುವುದು ಕಷ್ಟ ಎಂದಿದ್ದರು. ಕೋಣೆಯ ಬಾಗಿಲು ಹಾಕಿಕೊಂಡು, ಜೆಲ್ಲಿ ಹಚ್ಚಿ, ಹಲ್ಲು ಕಚ್ಚಿ ತಿಂಗಳುಗಟ್ಟಲೆ ಪ್ರಯತ್ನಿಸಿದೆ. ಮೊದಲನೆಯ ಕೊಳವೆ ಒಳಗೆ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದು ಇವತ್ತಿಗೂ ಅರ್ಧಕ್ಕೆ ನಿಲ್ಲುತ್ತದೆ.

ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಧೈರ್ಯ ಮಾಡಿದೆವು. ನೋವಾದರೂ ನಾನು ತೋರಿಸಿಕೊಳ್ಳಲಿಲ್ಲ, ಆದರೆ ಕಣ್ಣಿನಲ್ಲಿ ನೀರು ಬಂದುಬಿಟ್ಟಿತು. ಅವರು ತಟ್ಟನೆ ಸರಿದು ಮಂಚದ ಅಂಚಿಗೆ ಕೂತರು. ಹಾಸಿಗೆಯ ಮೇಲೆ ಸ್ವಲ್ಪ ರಕ್ತವಿತ್ತು. ಅವರು ಅದನ್ನೇ ನೋಡುತ್ತಿದ್ದರು.

"ಬ್ಯಾಡ ಬುಡು," ಎಂದರು. "ನೀನು ಉಳ್ಕಂಡಿದ್ದೀಯಲ್ಲ. ನಂಗಷ್ಟೇ ಸಾಕು."

ಅವರು ಪ್ರೀತಿಯಿಂದಲೇ ಹೇಳಿದ್ದು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. "ಅವ್ವಂಗೂ ಸಾಕು, ನಿಮಗೂ ಸಾಕು," ಎಂದೆ. "ನಂಗೆ ಸಾಕಾಗಿಲ್ಲ ಕಣ್ರೀ. ನಂಗೂ ಬೇಕು. ಅದ್ನ ಯಾರೂ ಕೇಳ್ಲಿಲ್ಲ."

ಅವರು ತಿರುಗಿ ನನ್ನ ಮುಖವನ್ನು ಹೊಸಬರ ಮುಖದ ಹಾಗೆ ನೋಡಿದರು. "ನಿಂಗೂ ಅಂಗನ್ನಿಸ್ತಿತ್ತಾ?" ಎಂದು ಕೇಳಿದರು.

ಅದರಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳುತ್ತಿದ್ದರು. ನಮ್ಮದು ಇಪ್ಪತ್ತು ವರ್ಷದ ಸಂಸಾರ.

"ಅನ್ನಿಸ್ತಿತ್ತು," ಎಂದೆ.

"ಮೊದ್ಲಿಂದ್ಲೂವಾ?"

"ಮೊದ್ಲಿಂದ್ಲೂ."

ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಸಂಜೆ ಹಾಲಿನ ಹೊತ್ತಾಗಿ ಡೈರಿಯಿಂದ ಎರಡು ಸಲ ಫೋನು ಬಂತು. ಅವರು ಎತ್ತಲಿಲ್ಲ.